ಡೈರಿ ಆ್ಯಪ್ ಆರಿಸುವ ಮುನ್ನ

ಗೆಳೆಯರೇ, ಮೊಬೈಲ್‌ನಲ್ಲಿ ದಿನಚರಿ ಬರೆಯಲು ಯಾವ ಆ್ಯಪ್ ಒಳ್ಳೆಯದು ಎಂದು ಹಲವರು ಕೇಳುತ್ತಿದ್ದೀರಿ. ಎಲ್ಲರಿಗೂ ಒಂದೇ ಹೊಂದುವುದಿಲ್ಲ.

ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಎಕ್ಸ್‌ಪೋರ್ಟ್. ಬರೆದದ್ದನ್ನು ಹೊರಗೆ ತೆಗೆಯಲು ಆಗದಿದ್ದರೆ, ಆ್ಯಪ್ ನಿಂತ ದಿನ ವರ್ಷಗಳ ಬರಹವೂ ಹೋಗುತ್ತದೆ. ನಾಲ್ಕು ಸಾಲು ಕನ್ನಡದಲ್ಲಿ ಬರೆದು ಪಿಡಿಎಫ್ ಮಾಡಿ ನೋಡಿ. ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಆ ಆ್ಯಪ್ ಬೇಡವೇ ಬೇಡ.

ಚಿಂಚೋಳಿ, ಸುರಪುರ ಕಡೆ ಓಡಾಡುವವರು ನೆಟ್‌ವರ್ಕ್ ಇಲ್ಲದೆಯೂ ನಡೆಯುವುದನ್ನೇ ಆರಿಸಿ. ಜಾಪ್ಲಿನ್ ಎಂಬ ಆ್ಯಪ್ ಉಚಿತ, ಬರಹ ಫೋನ್‌ನಲ್ಲೇ ಉಳಿಯುತ್ತದೆ. ಫೋಟೊ ಜಾಸ್ತಿ ಹಾಕುವವರಿಗೆ ಡೇ ಒನ್ ಎಂಬ ಆ್ಯಪ್ ಚೆನ್ನ, ಆದರೆ ಅದರ ಕೆಲವು ಸೌಲಭ್ಯಗಳಿಗೆ ಹಣ ಕಟ್ಟಬೇಕು. ಐಫೋನ್ ಇದ್ದವರಿಗೆ 2023ರ ಡಿಸೆಂಬರ್‌ನಿಂದ ಆ್ಯಪಲ್‌ನದೇ ಜರ್ನಲ್ ಆ್ಯಪ್ ಇದೆ.

ಮನೆಯಲ್ಲಿ ಒಂದೇ ಫೋನ್ ಬಳಸುವವರು, ವಿಶೇಷವಾಗಿ ಅಕ್ಕ-ತಂಗಿಯರು, ಆ್ಯಪ್‌ಗೇ ಲಾಕ್ ಇದೆಯಾ ನೋಡಿ. ಮನಸ್ಸು ಬಿಚ್ಚಿ ಬರೆಯಲು ಆ ಧೈರ್ಯ ಬೇಕು ಅಲ್ವಾ? ಎನ್‌ಕ್ರಿಪ್ಷನ್‌ಗೆ (ಬೇರೆಯವರು ಓದಲಾಗದಂತೆ ಬರಹವನ್ನು ಗುಪ್ತವಾಗಿಸುವುದು) ಪಾಸ್‌ವರ್ಡ್ ಕೊಟ್ಟರೆ ಅದನ್ನು ಕಾಗದದಲ್ಲೂ ಬರೆದಿಡಿ. ಮರೆತರೆ ಬರಹ ತೆರೆಯುವುದು ಕಷ್ಟ.

ಟೈಪ್ ಮಾಡಲು ಬೇಸರವಾದರೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ.

ಭಾನುವಾರ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸೇರಿದಾಗ ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಇನ್‌ಸ್ಟಾಲ್ ಮಾಡಿಕೊಡುತ್ತೇನೆ. ಅಲ್ಲಿವರೆಗೆ ಯಾರೂ ವರ್ಷದ ಚಂದಾ ಕಟ್ಟಬೇಡಿ.