ಫೋನ್ ಇಟ್ಟ ಮಗಳಿಗೆ

ಪುಟ್ಟೀ,

ನೀನು ಫೋನ್ ಇಟ್ಟು ಇವತ್ತಿಗೆ ಒಂಬತ್ತು ದಿನ. ನಾನೇ ಮಾಡಬಹುದಿತ್ತು. ಎರಡು ಸಲ ನಿನ್ನ ನಂಬರ್ ತೆಗೆದೆ, ಸುಮ್ನೆ ಇಟ್ಟೆ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಸ್ಟೋರಿಬೋರ್ಡ್ ಮಾಡಿದ, ಅಂದರೆ ದೃಶ್ಯಗಳನ್ನು ಒಂದೊಂದಾಗಿ ಚಿತ್ರ ಬರೆದು ಜೋಡಿಸಿದ ಮೊದಲ ಕಾರ್ಟೂನ್ ಎಪಿಸೋಡ್. ಹನ್ನೊಂದು ನಿಮಿಷ. ಕೊನೆಯಲ್ಲಿ ಹೆಸರುಗಳು ಬರುವಾಗ ನಿನ್ನ ಹೆಸರಿನ ಮೇಲೆ ನಿಲ್ಲಿಸಿ ಫೋಟೊ ತೆಗೆದುಕೊಂಡೆ. ಅದನ್ನು ನಿನಗೆ ಹೇಳಲೇ ಇಲ್ಲ. ಹೇಳಿದ್ದೇನು? ಮಾತು ಜಾಸ್ತಿ. ನಗು ಕಮ್ಮಿ. ಆ ಮರಿಬೆಕ್ಕು ಅಷ್ಟು ಹೊತ್ತು ಬಾಗಿಲ ಹತ್ತಿರ ಯಾಕೆ ನಿಂತಿರುತ್ತದೆ? ಅದರ ಕತ್ತಿಗೆ ಕೆಂಪು ಬೋ ಯಾಕೆ? ಬೇರೆ ಬಣ್ಣಗಳ ಜೊತೆ ಹೊಂದುವುದಿಲ್ಲ, ತೆಗೆದುಬಿಡು. ಹೀಗೆ ಇಪ್ಪತ್ತು ನಿಮಿಷ. ನಿನ್ನ ಎಪಿಸೋಡಿಗಿಂತ ನನ್ನ ಟೀಕೆಯೇ ಉದ್ದವಾಯಿತು.

ಆಗ ನೀನು, "ಮನೇಲಿ ಯಾರಾದ್ರೂ ನಗ್ತಾ ಇದ್ರೆ ಸಾಕು, ಎಲ್ಲಾ ಸರಿ ಇದೆ ಅಂತ ನಿಂಗೆ, ಅಲ್ವಾ ಅಪ್ಪಾ?" ಅಂದೆ. ಇಟ್ಟುಬಿಟ್ಟೆ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕಾರ್ಟೂನ್ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರಿಗೂ ಹಿಡಿಸಿಲ್ಲ. ನೀನು ತಲೆ ಮೇಲೆ ಹೊತ್ತುಕೊಂಡಿರುವ ಬೋಜ್ಯಾಕ್ ಹಾರ್ಸ್‌ಮನ್ ನೋಡು. 2014ರಿಂದ 2020ರವರೆಗೆ 77 ಎಪಿಸೋಡ್. ಕುದುರೆ ಕುಡಿಯುತ್ತದೆ, ಪಶ್ಚಾತ್ತಾಪ ಪಡುತ್ತದೆ, ಅದರ ಬಗ್ಗೆ ಮಾತಾಡುತ್ತದೆ, ಮತ್ತೆ ಕುಡಿಯುತ್ತದೆ. ಎಲ್ಲರೂ ಎಷ್ಟು ಆಳ ಅನ್ನುತ್ತಾರೆ. ದೊಡ್ಡವರನ್ನು ಅಳಿಸುವುದು ಸುಲಭ ಪುಟ್ಟೀ, ನಮಗೆಲ್ಲ ಕಾರಣಗಳು ಮೊದಲೇ ಸಿದ್ಧವಿರುತ್ತವೆ. ಅದರಲ್ಲಿ ನನಗೆ ಪೂರ್ತಿ ಇಷ್ಟವಾದದ್ದು ಒಂದೇ, 2016ರಲ್ಲಿ ಬಂದ ಸಮುದ್ರದೊಳಗಿನ ಎಪಿಸೋಡ್. ಅದರಲ್ಲಿ ಹೆಚ್ಚುಕಮ್ಮಿ ಮಾತೇ ಇಲ್ಲ.

ಸಿಂಪ್ಸನ್ಸ್ ಬಗ್ಗೆ ಇನ್ನೊಂದು. ಮೊದಲ ಹತ್ತು ವರ್ಷಕ್ಕೇ ನಿಲ್ಲಿಸಬೇಕಿತ್ತು ಎಂದು ಊರೆಲ್ಲ ಹೇಳುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವೆ ಬರುವ ತುಣುಕುಗಳಾಗಿ ಶುರುವಾಯಿತು, 1989ರ ಡಿಸೆಂಬರಿನಲ್ಲಿ ಧಾರಾವಾಹಿಯಾಯಿತು. ಆ ಮನೆಯ ಮಗ ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ. ನೀನು ಅವನಿಗಿಂತ ಚಿಕ್ಕವಳಿದ್ದೆ, ಒಂದು ವರ್ಷ ಅವನಿಗೆ ಸಮ ಆದೆ, ಈಗ ಅವನ ಅಮ್ಮನ ವಯಸ್ಸಿಗೆ ಹತ್ತಿರ ಬರುತ್ತಿದ್ದೀಯ. ಮಕ್ಕಳು ಮನೆ ಬಿಟ್ಟು ಹೋಗದ ಒಂದು ಸಂಸಾರ ಟಿವಿಯಲ್ಲಾದರೂ ಇರಲಿ ಬಿಡು. ಜೋಕುಗಳು ಹಳಸಿದರೆ ಹಳಸಲಿ.

ನಾನು ಕ್ಷಮಿಸದೇ ಇರುವುದು ಫ್ಲಿಂಟ್‌ಸ್ಟೋನ್ಸ್ ಅನ್ನು. ಅದೂ ಒಂದೇ ಕಾರಣಕ್ಕೆ. 1960ರಲ್ಲಿ ಅದನ್ನು ರಾತ್ರಿ ಹೊತ್ತು ದೊಡ್ಡವರಿಗಾಗಿ ತೋರಿಸಿದರು, ಹಿಂದೆ ರೆಕಾರ್ಡ್ ಮಾಡಿದ ನಗು ಸೇರಿಸಿದರು. ಕೈಯಲ್ಲಿ ಬರೆದ ಚಿತ್ರ ಅದು. ಎದುರಿಗೆ ಜನ ಇಲ್ಲ, ಸ್ಟೇಜ್ ಇಲ್ಲ. ನಗುತ್ತಿರುವವರು ಯಾರು? ಎಲ್ಲಿ ಕೂತಿದ್ದಾರೆ? ಸಿಂಪ್ಸನ್ಸ್‌ನವರು ಆ ನಗುವನ್ನು ಹಾಕಲಿಲ್ಲ. ಅದಕ್ಕೇ ಅವರಿಗೆ ನನ್ನಲ್ಲಿ ಇಷ್ಟು ರಿಯಾಯಿತಿ.

ಆದರೆ ಫ್ಲಿಂಟ್‌ಸ್ಟೋನ್ಸ್ ಮಾಡಿದ ಹ್ಯಾನಾ, ಬಾರ್ಬೆರಾ ಇಬ್ಬರೂ ಅಗ್ಗದ ಕೆಲಸ ಮಾಡಿದರು ಎಂದು ಬೈಯುವವರ ಜೊತೆ ನಾನಿಲ್ಲ. 1957ರಲ್ಲಿ ಅವರು ಕೆಲಸಕ್ಕಿದ್ದ ಎಂಜಿಎಂ ಸಿನಿಮಾ ಸ್ಟುಡಿಯೊ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು, ಇಬ್ಬರೂ ಟಿವಿಗೆ ಬಂದರು. ಟಿವಿಯಲ್ಲಿ ದುಡ್ಡೂ ಕಮ್ಮಿ, ಟೈಮೂ ಕಮ್ಮಿ. ಯೋಗಿ ಕರಡಿಯ ಕತ್ತಿಗೆ ಕಾಲರ್ ಮತ್ತು ಟೈ ಹಾಕಿದರು. ಕಾಲರಿನ ಕೆಳಗಿನ ಮೈ ಅದೇ ಹಳೆಯ ಚಿತ್ರ, ಮೇಲೆ ತಲೆ ಮಾತ್ರ ಹೊಸದಾಗಿ ಬರೆದರೆ ಆಯಿತು. ಜೋಡಿಸಿದ ಗೆರೆ ಕಾಣಿಸುವುದಿಲ್ಲ. ಮೈ ಅಲ್ಲಾಡದ ಕಾರ್ಟೂನಿಗೆ ಮಾತೇ ಗತಿ. ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅದನ್ನು ಚಿತ್ರ ಹಾಕಿದ ರೇಡಿಯೊ ಎಂದು ಹೀಯಾಳಿಸಿದ್ದರು. ನಿನಗೆ ಮಾತು ಜಾಸ್ತಿ ಅಂದಾಗ ನನ್ನ ತಲೆಯಲ್ಲಿದ್ದದ್ದು ಇದೇ. ನಿನ್ನ ಮರಿಬೆಕ್ಕಿನ ಬೋ ಕೂಡ ಇಂಥದ್ದೇ ಉಪಾಯ ಅಂದುಕೊಂಡೆ. ಕಂಪ್ಯೂಟರ್ ಬಂದ ಮೇಲೂ ಯಾಕಪ್ಪಾ ಇದು ಅಂತ.

ನೋಡು, ಕ್ಷಮೆ ಕೇಳಲು ಕೂತವನು ಪಾಠ ಶುರು ಮಾಡಿದೆ.

ಆ ವರ್ಷದ ವಿಷಯಕ್ಕೆ ಬರುತ್ತೇನೆ. ನಿನಗೆ ಆಗ ಆರು ವರ್ಷ. ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯುವುದಿಲ್ಲ. ಟಿವಿ ವಿಷಯ ಮಾತ್ರ ಬರೆಯುತ್ತೇನೆ.

ಸಂಜೆ ನಾನು ಟಾಮ್ ಅಂಡ್ ಜೆರ್ರಿ ಹಾಕುತ್ತಿದ್ದೆ. ಹಳೆಯವು. ಹ್ಯಾನಾ, ಬಾರ್ಬೆರಾ ಇಬ್ಬರೇ ಮಾಡಿದ, 1940ರಿಂದ 1958ರವರೆಗೆ ತೆರೆಗೆ ಬಂದ 114. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂದಿದೆ, ಟಾಮ್ ಕಿರುಚುವ ದನಿ ಸ್ವತಃ ಹ್ಯಾನಾ ಅವರದ್ದು ಎಂದೆಲ್ಲ ನಿನಗೆ ಹೇಳುತ್ತಿದ್ದೆ. ಆರು ವರ್ಷದ ಮಗುವಿಗೆ ಆಸ್ಕರ್ ಕಟ್ಟಿಕೊಂಡು ಏನಾಗಬೇಕು! ಬಾಣಲೆ ಟಾಮ್‌ನ ಮುಖಕ್ಕೆ ಬಡಿದಾಗ ನಾನು ಜೋರಾಗಿ ನಗುತ್ತಿದ್ದೆ. ನೀನು ಮೊದಲು ನನ್ನ ಮುಖ ನೋಡುತ್ತಿದ್ದೆ, ಆಮೇಲೆ ನಗುತ್ತಿದ್ದೆ. ಮೊದಲು ನನ್ನ ಮುಖ. ಇದು ನನಗೆ ನೆನಪಾದದ್ದು ಮೊನ್ನೆ.

ಒಂದು ಮಧ್ಯಾಹ್ನ ಬೇರೆ ಟಾಮ್ ಅಂಡ್ ಜೆರ್ರಿ ಬರುತ್ತಿತ್ತು. 1975ರದ್ದು. ಮಕ್ಕಳ ಟಿವಿಯಲ್ಲಿ ಹೊಡೆದಾಟ ಇರಬಾರದು ಎಂಬ ಕಟ್ಟುನಿಟ್ಟು ಜೋರಾಗಿದ್ದ ಕಾಲ, ಹಾಗಾಗಿ ಇಬ್ಬರನ್ನೂ ಸ್ನೇಹಿತರನ್ನಾಗಿ ಮಾಡಿದ್ದರು. ಜೊತೆಯಾಗಿ ಊರೂರು ತಿರುಗುತ್ತಾರೆ, ಆಟ ಆಡುತ್ತಾರೆ, ಯಾರಿಗೋ ಸಹಾಯ ಮಾಡುತ್ತಾರೆ. ಟಾಮ್ ಅಂಡ್ ಜೆರ್ರಿ ಇಷ್ಟಪಡುವವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ನೀನು ಟಿವಿಗೆ ಅಂಟಿಕೊಂಡು ಕೂತಿದ್ದೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಬಂದು, "ಇದು ಡೂಪ್ಲಿಕೇಟ್ ಕಣೇ, ನಿಜವಾದದ್ದಲ್ಲ" ಎಂದು ರಿಮೋಟ್ ತೆಗೆದುಕೊಂಡೆ. "ಇರ್ಲಿ ಅಪ್ಪಾ, ಇದ್ರಲ್ಲಿ ಅವ್ರು ಜಗಳ ಆಡಲ್ಲ" ಅಂದೆ.

ನಾನು ಚಾನೆಲ್ ಬದಲಿಸಿದೆ.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. ನಾನು ಅದನ್ನು ಜೋಕ್ ಮಾಡಿಕೊಂಡೆ. ನನ್ನ ಮಗಳಿಗೆ ಜಗಳ ಇಲ್ಲದ ಟಾಮ್ ಅಂಡ್ ಜೆರ್ರಿ ಬೇಕಂತೆ! ನೆಂಟರ ಮುಂದೆ, ಆಫೀಸಿನಲ್ಲಿ, ನಿನ್ನ ಗೆಳತಿಯರು ಬಂದಾಗ. ಇಪ್ಪತ್ತು ವರ್ಷ ಹೇಳಿದೆ. ಪ್ರತಿ ಸಲವೂ ಜನ ನಕ್ಕರು. ನೀನೂ ನಕ್ಕೆ. ಮೊದಲು ನನ್ನ ಮುಖ ನೋಡಿದ್ದೆಯೋ ಏನೋ, ನಾನು ಗಮನಿಸಲಿಲ್ಲ.

ಒಂಬತ್ತು ದಿನದಿಂದ ನನ್ನನ್ನು ಕೊರೆಯುತ್ತಿರುವುದು ಆ ರಿಮೋಟ್ ಕೂಡ ಅಲ್ಲ. ವಾಲ್ಯೂಮ್. ಸಂಜೆ ನಾನು ಟಿವಿ ವಾಲ್ಯೂಮ್ ಅಷ್ಟು ಜಾಸ್ತಿ ಯಾಕೆ ಇಡುತ್ತಿದ್ದೆ? ಬೆಕ್ಕು ಇಲಿ ಮಾತೇ ಆಡುವುದಿಲ್ಲ. ಕೇಳಿಸಿಕೊಳ್ಳುವಂಥದ್ದು ಏನಿತ್ತು? ಒಳಗಿನ ಕೋಣೆಯಲ್ಲಿ ನಿನ್ನ ಅಮ್ಮ ಇದ್ದಳು. ಆಗಷ್ಟೇ ಜಗಳ ಮುಗಿಸಿ ನಾನು ಹೊರಗೆ ಬಂದಿರುತ್ತಿದ್ದೆ. ಅವಳು ಅಳುವುದು ನಿನಗೆ ಕೇಳಬಾರದು ಎಂದು ಹಾಗೆ ಮಾಡುತ್ತಿದ್ದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನನಗೆ ಕೇಳಬಾರದು ಎಂದೂ ಇರಬಹುದು. ಫ್ಲಿಂಟ್‌ಸ್ಟೋನ್ಸ್‌ಗೆ ಅಷ್ಟು ಬೈಯುವ ನಾನು ನಮ್ಮ ಮನೆಗೆ ಹಿಂದಿನಿಂದ ನಗು ಹಾಕುತ್ತಿದ್ದೆ. ನಿನಗೆ ಇದು ಮೊದಲೇ ಗೊತ್ತಿತ್ತು, ಅಲ್ವಾ?

ಅಮ್ಮನಿಗೆ ಇದನ್ನು ಓದಿ ಹೇಳಿದೆ. "ವಾಲ್ಯೂಮ್ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನೀವೊಬ್ಬರೇ ಬಾಕಿ" ಅಂದಳು. ಹೋಗಿ ಮಲಗಿದಳು.

ಕೆಲಸದ ವಿಷಯ ಎರಡು ಮಾತು, ಬೇಡ ಅನ್ನಬೇಡ. ರೋಡ್ ರನ್ನರ್ ಕಾರ್ಟೂನಿನ ಕಾಯೋಟಿ ಬಂಡೆಯಿಂದ ಬೀಳುವುದಕ್ಕೆ ಚಕ್ ಜೋನ್ಸ್ ಲೆಕ್ಕ ಇಟ್ಟಿದ್ದರು. 18 ಫ್ರೇಮಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಬೇಕು. ಆಮೇಲೆ 14 ಫ್ರೇಮ್ ಏನೂ ಆಗುವುದಿಲ್ಲ. ಆಮೇಲೆ ನೆಲಕ್ಕೆ ಬೀಳಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ ಆ 14 ಫ್ರೇಮ್ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ನಗು ಇರುವುದು ಆ ಖಾಲಿ ಜಾಗದಲ್ಲಿ. ನಿನ್ನ ಮರಿಬೆಕ್ಕು ಬಾಗಿಲ ಹತ್ತಿರ ನಿಲ್ಲುವುದನ್ನು ನಾನು ಗಡಿಯಾರ ಹಿಡಿದು ನೋಡಿದೆ. ಏಳು ಸೆಕೆಂಡ್. ಅಲ್ಲಿ ನಗು ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ ಎಂದು ಈಗ ಗೊತ್ತಾಯಿತು. ಅಷ್ಟು ಹೊತ್ತು ಏನೂ ಆಗದೆ ಬಿಡುವುದಕ್ಕೆ ಧೈರ್ಯ ಬೇಕು. ನನಗೆ ಇರಲಿಲ್ಲ. ಎರಡನೆಯದು, ಸೌತ್ ಪಾರ್ಕ್‌ನವರು ಆರು ದಿನದಲ್ಲಿ ಒಂದು ಎಪಿಸೋಡ್ ಮುಗಿಸುತ್ತಾರೆ ಎಂದು ನಿಮ್ಮ ಆಫೀಸಿನಲ್ಲಿ ಯಾರಾದರೂ ಉದಾಹರಣೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡ. ರಾತ್ರಿ ಮಲಗು. ಮಣಿಕಟ್ಟು ನೋವು ಅಂದಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ?

ಕಳೆದ ವಾರ ಆ 1975ರದ್ದನ್ನು ಹುಡುಕಿ ನಾಲ್ಕು ಎಪಿಸೋಡ್ ನೋಡಿದೆ. ಸುಳ್ಳು ಹೇಳುವುದಿಲ್ಲ, ಈಗಲೂ ಸಪ್ಪೆ. ಒಂದು ಸಲವೂ ನಗು ಬರಲಿಲ್ಲ. ಆದರೂ ಎದ್ದು ಹೋಗಲಿಲ್ಲ, ಚಾನೆಲ್ ಬದಲಿಸಲಿಲ್ಲ. ಶುರುವಾಗಿ ಸ್ವಲ್ಪ ಹೊತ್ತಿಗೇ ಕಂಡಿತು. ಅದರಲ್ಲಿ ಜೆರ್ರಿಯ ಕತ್ತಿಗೆ ಕೆಂಪು ಬೋ ಇದೆ.

ನಿನ್ನ ಎಪಿಸೋಡ್ ಮತ್ತೆ ಹಾಕಿದೆ. ಈ ಸಲ ವಾಲ್ಯೂಮ್ ಇಲ್ಲದೆ.

ಆ ಬೋ ತೆಗೆಯಬೇಡ ಪುಟ್ಟೀ. ಮಾತು ಜಾಸ್ತಿ ಅಂದದ್ದು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಜಾಸ್ತಿ ಇದೆ.

ನಿನ್ನ
ಅಪ್ಪ