ಆ ಫೋಟೋ ಡಿಸೆಂಬರ್ 1ರದ್ದಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಅಮೆರಿಕದ ಚಳವಳಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಲಿ ಬಂದ ಲೇಖನ ಓದಿದೆ, ಚೆನ್ನಾಗೇ ಇತ್ತು. ಆದ್ರೆ ಅದರ ಜೊತೆ ಒಂದು ಫೋಟೋ ಹಾಕಿದ್ರಲ್ಲ, ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಮಹಿಳೆ 7053 ಅನ್ನೋ ನಂಬರ್ ಹಲಗೆ ಹಿಡ್ಕೊಂಡಿರೋದು, ಅದರ ಕೆಳಗೆ 1955ರ ಡಿಸೆಂಬರ್ 1ರಂದು ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಅರೆಸ್ಟ್ ಆದಾಗಿನ ಚಿತ್ರ ಅಂತ ಬರ್ದಿದೀರಿ. ಅದು ತಪ್ಪು. ಆ ಫೋಟೋ ತೆಗೆದಿದ್ದು 1956ರ ಫೆಬ್ರವರಿಲಿ, ಸೀಟಿನ ಗಲಾಟೆ ಆಗಿ ಹೆಚ್ಚುಕಮ್ಮಿ ಮೂರು ತಿಂಗಳಾದ ಮೇಲೆ. ಮುದುಕ ತಾರೀಖು ಹಿಡ್ಕೊಂಡು ಜಗ್ತಾನೆ ಅನ್ಕೋಬೇಡಿ. ಈ ತಾರೀಖು ತಪ್ಪಿದ್ರೆ ಇಡೀ ಕತೆ ಯಾರೋ ಒಬ್ಬ ಟೈಲರಮ್ಮ ಸುಸ್ತಾಗಿ ಕೂತ್ಬಿಟ್ರು, ದೇಶ ಬದಲಾಗೋಯ್ತು ಅನ್ನೋ ಹಂಗೆ ಆಗ್ಬಿಡುತ್ತೆ. ನಿಮ್ಮ ಲೇಖನನೂ ಹಂಗೇ ಶುರುವಾಗುತ್ತೆ.

ನಾನು 31 ವರ್ಷ ಬಸ್ಸಲ್ಲಿ ಟಿಕೆಟ್ ಹರಿದವನು, ಅದಕ್ಕೇ ಈ ವಿಷಯ ಬಂದ್ರೆ ಸುಮ್ನಿರೋಕಾಗಲ್ಲ.

ಅಲಬಾಮಾದ ಮಾಂಟ್ಗೊಮರಿ ಊರಿನ ಬಸ್ಸು ಹೆಂಗಿತ್ತು ನೋಡಿ. 36 ಸೀಟು, ಮುಂದಿನ 10 ಬಿಳಿಯರಿಗೆ, ಅವು ಖಾಲಿ ಹೊಡೀತಿದ್ರೂ ಕಪ್ಪು ಜನ ಕೂರಂಗಿಲ್ಲ, ನಿಂತೇ ಹೋಗ್ಬೇಕು. ಕಂಡಕ್ಟರ್ ಇಲ್ಲ, ಡ್ರೈವರೇ ಎಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ ಡಬ್ಬಿಗೆ 10 ಸೆಂಟ್ ಹಾಕಿ ಮತ್ತೆ ಇಳಿದು ಹಿಂದಿನ ಬಾಗಿಲಿಗೆ ಓಡಬೇಕು, ಅಷ್ಟರಲ್ಲಿ ಕೆಲವು ಡ್ರೈವರ್‌ಗಳು ಬಸ್ ಬಿಟ್ಕೊಂಡು ಹೋಗೇಬಿಡೋರು, ಕಾಸು ಡಬ್ಬಿಲಿ, ಪ್ಯಾಸೆಂಜರ್ ರೋಡಲ್ಲಿ. ಆ ಊರಲ್ಲಿ ಬಸ್ ಹತ್ತೋರಲ್ಲಿ ನಾಕರಲ್ಲಿ ಮೂರು ಪಾಲು ಕಪ್ಪು ಜನನೇ, ಅಂದ್ರೆ ಕಂಪನಿಗೆ ಅನ್ನ ಹಾಕ್ತಿದ್ದೋರೇ ಅವರು! ರೋಸಾ ಪಾರ್ಕ್ಸ್‌ಗೂ 1943ರಲ್ಲೇ ಈ ಹಿಂದಿನ ಬಾಗಿಲ ವಿಷಯಕ್ಕೆ ಒಬ್ಬ ಡ್ರೈವರ್ ಜೊತೆ ಜಗಳ ಆಗಿತ್ತು, 12 ವರ್ಷ ಆದ್ಮೇಲೆ ಅವರನ್ನ ಅರೆಸ್ಟ್ ಮಾಡಿಸಿದ್ದೂ ಅದೇ ಡ್ರೈವರ್.

ಆಕೆ ಆ ಊರಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡೋ ಸಂಘವಾದ ಎನ್‌ಎಎಸಿಪಿ ಶಾಖೆಲಿ ವರ್ಷಗಟ್ಟಲೆ ಸೆಕ್ರೆಟರಿ ಕೆಲಸ ಮಾಡಿದೋರು, 1955ರ ಬೇಸಿಗೆಲಿ ಟೆನೆಸ್ಸಿಗೆ ಹೋಗಿ ಹೋರಾಟದ ತರಬೇತಿನೂ ತಗೊಂಡು ಬಂದಿದ್ರು. ಮೈ ಸುಸ್ತಾಗಿ ಕೂತಿದ್ದಲ್ಲ ಅಂತ ಅವರೇ ಮುಂದೆ ಹೇಳಿದಾರೆ. ಅವರಿಗಿಂತ ಒಂಬತ್ತು ತಿಂಗಳು ಮುಂಚೆ, ಮಾರ್ಚಲ್ಲಿ, ಕ್ಲಾಡೆಟ್ ಕಾಲ್ವಿನ್ ಅನ್ನೋ 15 ವರ್ಷದ ಸ್ಕೂಲ್ ಹುಡುಗಿ ಹಿಂಗೇ ಏಳಲ್ಲ ಅಂತ ಕೂತು ಜೈಲಿಗೆ ಹೋಗಿದ್ಲು. ಜೋ ಆನ್ ರಾಬಿನ್ಸನ್ ಅಂತ ಕಾಲೇಜು ಮೇಡಂ ಒಬ್ರು 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರ್ದು, ಬಸ್ ಬಹಿಷ್ಕಾರದ ಮಾತು ನಡೀತಿದೆ ಅಂತ ತಿಳಿಸಿದ್ರು. ಡಿಸೆಂಬರ್ 1ರ ರಾತ್ರಿ ಸುದ್ದಿ ಗೊತ್ತಾದ ತಕ್ಷಣ ಅವರು ಕಾಲೇಜಿಗೇ ಹೋಗಿ ಬೆಳಗಾಗೋವರೆಗೂ ಸೈಕ್ಲೋಸ್ಟೈಲ್ ಮಿಷನ್ ತಿರುಗಿಸಿ ಬಸ್ ಹತ್ತಬೇಡಿ ಅನ್ನೋ ಹತ್ತಾರು ಸಾವಿರ ಕರಪತ್ರ ತೆಗೆದ್ರು. ಮಾರ್ಟಿನ್ ಲೂಥರ್ ಕಿಂಗ್ ಬಹಿಷ್ಕಾರ ನಡೆಸೋ ಸಂಘಕ್ಕೆ ಅಧ್ಯಕ್ಷ ಆಗಿದ್ದು ಡಿಸೆಂಬರ್ 5ಕ್ಕೆ, ಅಷ್ಟೊತ್ತಿಗೆ ಬಸ್ಸುಗಳು ಖಾಲಿ ಓಡಾಡ್ತಿದ್ವು. ಆಗ ಅವರಿಗೆ 26 ವರ್ಷ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ. ಬಸ್ ಬಿಟ್ಟು ಸುಮಾರು 40 ಸಾವಿರ ಜನ ದಿನಾ ಕೆಲಸಕ್ಕೆ ಹೋಗೋದು ಹೆಂಗೆ? ಮೊದಲು ಕಪ್ಪು ಟ್ಯಾಕ್ಸಿಯೋರು 10 ಸೆಂಟಿಗೇ ಹತ್ತಿಸ್ಕೊಂಡ್ರು, ನಗರಸಭೆ 45 ಸೆಂಟ್ ಮಿನಿಮಮ್ ಚಾರ್ಜ್ ರೂಲ್ ತೋರಿಸಿ ನಿಲ್ಲಿಸ್ತು. ಆಮೇಲೆ 1953ರಲ್ಲಿ ಬ್ಯಾಟನ್ ರೂಜ್ ಊರಲ್ಲಿ ಹಿಂಗೇ ಮಾಡಿದ್ದೋರನ್ನ ಕೇಳ್ಕೊಂಡು, ಸುಮಾರು 300 ಕಾರು ಜೋಡಿಸಿ, ಊರು ತುಂಬ ಸ್ಟಾಪ್ ಗೊತ್ತುಮಾಡಿ, ಪೂರ್ತಿ ಒಂದು ಡಿಪೋ ಥರ ನಡೆಸಿದ್ರು ಸಾರ್. ನಮ್ಮ ಡಿಪೋದಲ್ಲಿ ಎರಡು ಶೆಡ್ಯೂಲ್ ಕ್ಯಾನ್ಸಲ್ ಆದ್ರೆ ಬಸ್‌ಸ್ಟ್ಯಾಂಡಲ್ಲಿ ಹೊಡೆದಾಟ ಆಗೋದು, ಇವರು 381 ದಿನ ಬಸ್ ಹತ್ತದೇ ತಳ್ಳಿದಾರೆ! ಇನ್ಶೂರೆನ್ಸ್ ಕ್ಯಾನ್ಸಲ್ ಆಯ್ತು, ಲಂಡನ್ನಿನ ಲಾಯ್ಡ್ಸಿಂದ ಮಾಡಿಸ್ಕೊಂಡ್ರು. ದುಡ್ಡಿಗೆ ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯಮ್ಮ ಹೆಂಗಸರನ್ನ ಸೇರಿಸ್ಕೊಂಡು ಕೇಕು, ಊಟ ಮಾಡಿ ಮಾರೋರು, ಯಾರು ಕೊಟ್ಟಿದ್ದು ಅಂತ ಹೊರಗೆ ಗೊತ್ತಾಗಬಾರದು ಅಂತ ಗುಂಪಿಗೆ 'ಎಲ್ಲಿಂದಲೋ ಬಂದ ಸಂಘ' ಅನ್ನೋ ಅರ್ಥದ ಹೆಸರು ಇಟ್ಟಿದ್ರು.

ತಮಾಷೆ ಅಂದ್ರೆ ಮೊದಲ ಬೇಡಿಕೆ ಪಟ್ಟಿಲಿ ಬೇರೆ ಕೂರಿಸೋ ಪದ್ಧತಿ ತೆಗೀರಿ ಅಂತಾನೂ ಇರಲಿಲ್ಲ, ಮರ್ಯಾದೆಯಿಂದ ಮಾತಾಡ್ಸಿ, ಕೂತೋರನ್ನ ಎಬ್ಬಿಸಬೇಡಿ, ಕಪ್ಪು ಡ್ರೈವರ್‌ಗಳನ್ನ ತಗೊಳ್ಳಿ, ಇಷ್ಟೇ. ಅದನ್ನೂ ಕೊಡಲಿಲ್ಲ. ಜನವರಿ 30ಕ್ಕೆ ಕಿಂಗ್ ಮನೆ ಮೇಲೆ ಬಾಂಬ್ ಬಿತ್ತು, ಎರಡೇ ದಿನಕ್ಕೆ ಪದ್ಧತಿನೇ ಹೋಗಬೇಕು ಅಂತ ಕೇಸ್ ಬಿತ್ತು. ಆ ಕೇಸಲ್ಲಿ ರೋಸಾ ಪಾರ್ಕ್ಸ್ ಹೆಸರಿಲ್ಲ, ಕ್ಲಾಡೆಟ್ ಕಾಲ್ವಿನ್ ಹೆಸರಿದೆ.

ನಿಮ್ಮ ಫೋಟೋ ಬರೋದು ಇಲ್ಲಿ. ಹಳೇ ಬಹಿಷ್ಕಾರ ವಿರೋಧಿ ಕಾನೂನು ಹುಡುಕಿ ತೆಗೆದು ಒಂದೇ ಏಟಿಗೆ 80ಕ್ಕೂ ಹೆಚ್ಚು ಜನರ ಮೇಲೆ ಕೇಸ್ ಹಾಕಿದ್ರು. ಪೊಲೀಸರು ಹುಡ್ಕೊಂಡು ಬರೋವರೆಗೂ ಯಾರೂ ಕಾಯಲಿಲ್ಲ, ಚಳವಳಿಯ ಮುಂದಾಳು ಇ.ಡಿ. ನಿಕ್ಸನ್ ಅವರು ಮೊದಲು ತಾವೇ ಹೋಗಿ ನನ್ನನ್ನ ಹುಡುಕ್ತಿದೀರಾ ಅಂತ ಕೇಳಿದ್ರು, ಆಮೇಲೆ ಪಾದ್ರಿಗಳು, ಹೆಂಗಸರು ಎಲ್ಲ ನೀಟಾಗಿ ಡ್ರೆಸ್ ಮಾಡ್ಕೊಂಡು ಬಂದು ಅರೆಸ್ಟ್ ಆಗೋಕೆ ನಿಂತ್ರು. 7053 ಆ ದಿನದ ನಂಬರ್ರು.

ಕೊನೆಗೆ ನವೆಂಬರ್ 13ಕ್ಕೆ, ಈ ಕಡೆ ಅಲಬಾಮಾ ಕೋರ್ಟಲ್ಲಿ ಕಾರುಗಳನ್ನ ನಿಲ್ಲಿಸಿ ಅಂತ ವಾದ ನಡೀತಿರೋವಾಗ್ಲೇ ಆ ಕಡೆ ಸುಪ್ರೀಂ ಕೋರ್ಟು ಇವರ ಪರ ಹೇಳ್ತು. ಆದ್ರೂ ಕಾರು ನಿಲ್ಲಿಸಿದ್ರು, ಆರ್ಡರ್ ಕಾಪಿ ಊರಿಗೆ ಬರೋಕೆ ಒಂದು ತಿಂಗಳ ಮೇಲೆ ಹಿಡೀತು, ಅಷ್ಟು ದಿನನೂ ಜನ ನಡ್ಕೊಂಡೇ ಹೋದ್ರು. ಬಸ್ ಹತ್ತಿದ್ಮೇಲೂ ರಾತ್ರಿ ಹೊತ್ತು ಬಸ್ ಮೇಲೆ ಗುಂಡು ಹಾರಿದ್ವು.

ನನ್ನ ಮಗಳು ನ್ಯೂಜೆರ್ಸಿಲಿದಾಳೆ. ಅಮೆರಿಕಕ್ಕೆ ಹೋಗಿ ನೆಲೆಸೋಕೆ 1946ರಿಂದ ಇಂಡಿಯಾಗೆ ವರ್ಷಕ್ಕೆ ಬರೀ 100 ಜನರ ಕೋಟಾ ಇತ್ತಂತೆ, ಅದು ಹೋಗಿದ್ದು 1965ರ ಅಕ್ಟೋಬರ್ ಕಾನೂನಿಂದ, ಕಪ್ಪು ಜನಕ್ಕೆ ವೋಟಿನ ಹಕ್ಕಿನ ಕಾಯ್ದೆ ಆಗಿ ಎರಡೇ ತಿಂಗಳಿಗೆ. ಆ ಹೋರಾಟದ ಗಾಳಿ ಇಲ್ದಿದ್ರೆ ಆ ಬಾಗಿಲು ಅಷ್ಟು ಬೇಗ ತೆಗೀತಿರಲಿಲ್ಲ. ಫೋನಲ್ಲಿ ಹೇಳ್ದೆ, ಅವಳಿಗೂ ಗೊತ್ತಿರಲಿಲ್ಲ.

ಇನ್ನೊಂದು ಫೋಟೋ ಇದೆ, ರೋಸಾ ಪಾರ್ಕ್ಸ್ ಬಸ್ಸಿನ ಕಿಟಕಿ ಪಕ್ಕ, ಹಿಂದಿನ ಸೀಟಲ್ಲಿ ಒಬ್ಬ ಬಿಳಿ ಗಂಡಸು ಮುಖ ಗಂಟು ಹಾಕ್ಕೊಂಡು ಕೂತಿರೋದು. ಮುಂದಿನ ಸಲ ಅದನ್ನ ಹಾಕೋದಾದ್ರೆ ತಾರೀಖು 1956ರ ಡಿಸೆಂಬರ್ 21 ಅಂತ ಬರೀರಿ. ಆ ಮನುಷ್ಯ ಸಿಟ್ಟಾದ ಪ್ಯಾಸೆಂಜರ್ ಅಲ್ಲ, ನಿಮ್ಮ ಕಡೆಯವರೇ, ಪತ್ರಿಕಾ ವರದಿಗಾರ.

ಇಂತಿ,
ನಿವೃತ್ತ ಬಸ್ ಕಂಡಕ್ಟರ್, ತಿಪಟೂರು