ಎದುರಿನವರ ಮಾತು ಮೊದಲು ಹೇಳು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪ್ರಾಜೆಕ್ಟ್ ಎರಡು ಸಲ ಓದಿದೆ. ಕೆ.ಸಿ. ವ್ಯಾಲಿ ನೀರನ್ನು, ಅಂದರೆ ಬೆಂಗಳೂರಿನಿಂದ ಶುದ್ಧ ಮಾಡಿ ಕಳಿಸುವ ಚರಂಡಿ ನೀರನ್ನು, ಮೂರನೇ ಹಂತದವರೆಗೂ ಶುದ್ಧ ಮಾಡಿಯೇ ನಮ್ಮ ಕೆರೆಗಳಿಗೆ ಬಿಡಬೇಕು ಅನ್ನುವುದು ನಿನ್ನ ವಾದ. ನನ್ನದೂ ಅದೇ. ಕೆರೆಯಲ್ಲಿ ಇಂಗಿದ ನೀರು ಬೋರ್‌ವೆಲ್ ಸೇರುತ್ತದೆ, ಅದನ್ನೇ ನಾವು ಕುಡಿಯುತ್ತೇವೆ.

ಆದರೆ ಆ ನೀರು ಬೇಕು ಅನ್ನುವವರಿಗೆ ನೀನು ಕೊಟ್ಟಿರುವುದು ಬರೀ ಎರಡು ಸಾಲು, ಅದೂ ಕೊನೇ ಸ್ಲೈಡಿನಲ್ಲಿ. ಇದು ನನಗೆ ಸರಿ ಕಾಣಲಿಲ್ಲ.

ನಿನ್ನ ಕ್ಲಾಸಿನಲ್ಲಿ ರೈತರ ಮನೆ ಮಕ್ಕಳೇ ಜಾಸ್ತಿ ಅಲ್ವಾ? ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಸಾವಿರ ಅಡಿ ಕೊರೆಸಿ ಬರೀ ದೂಳು ಕಂಡವರು ಅವರ ಅಪ್ಪಂದಿರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಅವರಿಗೆ ಹೇಗಾಗಿರಬೇಕು ಯೋಚಿಸು. ಬತ್ತಿದ ಬೋರ್‌ನಲ್ಲಿ ಮತ್ತೆ ನೀರು ಕಂಡ ಮನೆಯ ಹುಡುಗನ ಮುಂದೆ ‘ಇದು ವಿಷ’ ಅಂತ ಶುರು ಮಾಡಿದರೆ, ಮುಂದಿನ ಒಂದು ಮಾತೂ ಅವನ ಕಿವಿಗೆ ಬೀಳುವುದಿಲ್ಲ.

ನಾನು ಒಮ್ಮೆ ಗ್ರಾಮಸಭೆಯಲ್ಲಿ ನೀಲಗಿರಿ ಬೇಡ ಅಂತ ಜೋರಾಗಿ ಮಾತಾಡಿದೆ. ನೀಲಗಿರಿ ಹಾಕಿದ್ದ ಒಬ್ಬ ರೈತ ಎದ್ದು ನಿಂತ. ‘ಮಳೆ ಇಲ್ಲ, ಕೂಲಿಗೆ ಆಳು ಸಿಕ್ಕಲ್ಲ, ಇನ್ನೇನು ಹಾಕೋಣ ಹೇಳಣ್ಣ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಕಷ್ಟವನ್ನು ನಾನೇ ಮೊದಲು ಹೇಳಿದ್ದರೆ ಉತ್ತರವನ್ನೂ ಹುಡುಕಿಕೊಂಡು ಹೋಗಿರುತ್ತಿದ್ದೆ.

ಇನ್ನೊಂದು. ಕೆರೆಯಲ್ಲಿ ನೊರೆ ಕಂಡ ಮೇಲೆ ಈ ನೀರು ಬಿಡುವುದಕ್ಕೆ ಹೈಕೋರ್ಟ್ ತಡೆ ಕೊಟ್ಟಿದ್ದನ್ನು ಬರೆದಿದ್ದೀಯ. ಆಮೇಲೆ ಆ ತಡೆ ತೆರವಾಗಿದ್ದನ್ನು ಬಿಟ್ಟಿದ್ದೀಯ. ಅದನ್ನೂ ಸೇರಿಸು ತಾಯಿ. ಯಾರಾದರೂ ಎತ್ತಿ ತೋರಿಸಿದರೆ ನಿನ್ನ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಹಂತ ಅಂದರೆ ಏನು ಅಂತಲೂ ಬಿಡಿಸಿ ಹೇಳು. ಮೊದಲನೆಯದರಲ್ಲಿ ಗಟ್ಟಿ ಕಸ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ನಮ್ಮ ಕೆರೆಗೆ ಬರುವುದು ಇಷ್ಟಾದ ನೀರು. ಉಳಿದ ರಂಜಕ, ಸಾರಜನಕ, ರೋಗಾಣು ತೆಗೆಯಲು ಮೂರನೆಯದು ಬೇಕು. ಇಷ್ಟು ತಿಳಿದರೆ, ನೀನು ನೀರು ನಿಲ್ಲಿಸಿ ಅನ್ನುತ್ತಿಲ್ಲ, ಇನ್ನೂ ಚೊಕ್ಕ ಮಾಡಿ ಕೊಡಿ ಅನ್ನುತ್ತಿದ್ದೀಯ ಅಂತ ಆ ಹುಡುಗನಿಗೂ ಗೊತ್ತಾಗುತ್ತದೆ.

ಸ್ಲೈಡ್ ನೋಡಿಕೊಂಡು ಓದಬೇಡ. ಭಾನುವಾರ ಬಾ. ಲಕ್ಷ್ಮೀಸಾಗರದ ಕಟ್ಟೆ ಮೇಲೆ ಕೂತು ಒಂದು ಸಲ ಹೇಳಿ ತೋರಿಸು. ನೀರು ಬೇಕು ಅನ್ನುವವರ ಪರವಾಗಿ ನಾನು ಪ್ರಶ್ನೆ ಕೇಳುತ್ತೇನೆ.

ನಿನ್ನ ದೊಡ್ಡಪ್ಪ